‘ರಾತ್ರಿ ಕರ್ಫ್ಯೂ’: ಆಕರ, ಪಾಠಾಂತರ, ಕರ್ತೃ ವಿಚಾರ

ಕವಿಗಳ ಕಾಲ, ದೇಶ, ಮತಗಳ ಬಗ್ಗೆ ನಮ್ಮ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. 2020ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಚಿತವಾದ ‘ರಾತ್ರಿ ಕರ್ಫ್ಯೂ’ ಎಂಬ ಲಘುಕೃತಿ ಮಾತ್ರ ಏಕೋ ಅವರ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ನೀಗುವ ಅಲ್ಪ ಪ್ರಯತ್ನವಿದು.

ಆಕರ: ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ಕೋವಿಡ್ ತಾಂತ್ರಿಕ ಸಲಹಾ ಸಮಿತಿಯ ವರದಿ. ಎರಡನೇ ಅಲೆ ಬರಬಹುದು, ವರ್ಷಾಂತ್ಯಕ್ಕೆ ರಾತ್ರಿ ಕರ್ಫ್ಯೂ ಬೇಕು ಎಂಬುದು ಸಾರ. ಶೈಲಿ ನೀರಸ, ರಸವಿಲ್ಲ, ಅಲಂಕಾರವಿಲ್ಲ. ಸಹೃದಯರಿಗೆ ಇದು ರುಚಿಸದೆಂದು ಮನಗಂಡ ಸಂಪಾದಕ ಮಂಡಳಿ, ಅರ್ಥಾತ್ ಸರ್ಕಾರ, ಪರಿಷ್ಕರಣೆಗೆ ಕೈಹಾಕಿತು.

‘ಕ’ ಪ್ರತಿ (ಡಿಸೆಂಬರ್ 23): ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕರ್ಫ್ಯೂ, ಅಂದಿನಿಂದಲೇ ಜಾರಿ.

‘ಖ’ ಪ್ರತಿ (ಅದೇ ದಿನ): ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ, ಮರುದಿನದಿಂದ ಜಾರಿ. ಎರಡು ಗಂಟೆ ಗ್ರಂಥಪಾತವಾಗಿದೆ. ಬ್ರಿಟನ್ನಿನಿಂದ ಬಂದ ಹೊಸ ತಳಿ ರಾತ್ರಿ 10ರಿಂದ 11ರವರೆಗೆ ಊಟಕ್ಕೆ ಕೂರುತ್ತದೆ ಎಂಬುದಕ್ಕೆ ಆಕರದಲ್ಲಿ ಆಧಾರ ದೊರೆಯದು.

‘ಗ’ ಪ್ರತಿ (ಡಿಸೆಂಬರ್ 24): ಗ್ರಂಥವೇ ಇಲ್ಲ. ಜಾರಿಗೆ ಕೆಲವೇ ಗಂಟೆ ಇರುವಾಗ ಆದೇಶ ವಾಪಸ್. ಒಂದನೆಯ ಗುಣವರ್ಮನ ‘ಶೂದ್ರಕ’ವನ್ನು ಕಾಲ ನುಂಗಿತು, ಈ ಕೃತಿಯನ್ನು ಕರ್ತೃವೇ ನುಂಗಿದ.

ಯಾರಾತ? ಪ್ರಕಟಿಸಿದ್ದು ತಜ್ಞರ ಸಲಹೆಯ ಮೇರೆಗೆ, ಹಿಂಪಡೆದದ್ದು ಜನಾಭಿಪ್ರಾಯದ ಮೇರೆಗೆ. ಎರಡರಲ್ಲೂ ಸರ್ಕಾರದ ಸ್ವಂತ ಅಭಿಪ್ರಾಯವೆಂಬ ಅಂಕಿತ ಕಾಣುವುದಿಲ್ಲ. ಆದ್ದರಿಂದ ಇದನ್ನು ಅಜ್ಞಾತಕರ್ತೃಕವೆಂದೇ ತೀರ್ಮಾನಿಸಬೇಕಾಗಿದೆ.

ಇದೇ ಸಂಪ್ರದಾಯ ಮುಂದೆಯೂ ಬೆಳೆಯಿತು. 2021ರ ಏಪ್ರಿಲ್ 1ರಂದು ‘ಯುವರತ್ನ’ ತೆರೆಕಂಡಿತು. ಮರುದಿನ, ಬೆಂಗಳೂರೂ ಸೇರಿ ಕೆಲವು ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಅರ್ಧ ಸೀಟು ಮಾತ್ರ ಎಂಬ ಮೂಲಸೂತ್ರ ಹೊರಬಿತ್ತು. ಚಿತ್ರರಂಗ ಆಕ್ಷೇಪಿಸಿತು. ಅದರ ಮರುದಿನವೇ ಭಾಷ್ಯ: ಏಪ್ರಿಲ್ 7ರವರೆಗೆ ಪೂರ್ತಿ ಸೀಟಿಗೂ ಅಡ್ಡಿಯಿಲ್ಲ. ಸೋಂಕು ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಕೂತು ಸಿನಿಮಾ ನೋಡಲು ಒಪ್ಪಿತ್ತೆಂದು ಊಹಿಸಬಹುದು. ಏಪ್ರಿಲ್ 10ರಂದು ಎಂಟು ನಗರಗಳಲ್ಲಿ ಹಳೆಯ ಕೃತಿಯೇ ‘ಕೊರೊನಾ ಕರ್ಫ್ಯೂ’ ಎಂಬ ಹೊಸ ರಕ್ಷಾಪುಟದಲ್ಲಿ ಮರುಮುದ್ರಣಗೊಂಡಿತು. 27ರ ರಾತ್ರಿಯಿಂದ ಇಡೀ ರಾಜ್ಯವೇ ಬಾಗಿಲು ಹಾಕಿತು. ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ; ಆ ಭಾಗಕ್ಕೆ ವ್ಯಾಖ್ಯಾನ ಬರೆಯಲು ಯಾವ ಪಂಡಿತರೂ ಮುಂದೆ ಬರಲಿಲ್ಲ.

ನಿರ್ಣಯ: ತಜ್ಞರು ಹೇಳಿದ್ದನ್ನೆಲ್ಲ ಸರ್ಕಾರ ಪಾಲಿಸಲೇಬೇಕೆಂದಿಲ್ಲ. ದಿನಗೂಲಿಯವರ ಹೊಟ್ಟೆ, ಅಂಗಡಿಯ ಬಾಡಿಗೆ, ಮಕ್ಕಳ ಶಾಲೆ ಇವನ್ನೆಲ್ಲ ಅಳೆದು ತೂಗುವುದು ಸಮಿತಿಯ ಕೆಲಸವಲ್ಲ, ಸರ್ಕಾರದ್ದೇ. ಆದರೆ ಗ್ರಂಥಸಂಪಾದನೆಗೆ ಒಂದು ಶಿಸ್ತಿದೆ: ಮೂಲವನ್ನು ಇದ್ದಂತೆ ಅಚ್ಚು ಹಾಕಬೇಕು, ತಿದ್ದಿದರೆ ಎಲ್ಲಿ, ಏಕೆ, ಯಾರು ತಿದ್ದಿದರೆಂದು ಅಡಿಟಿಪ್ಪಣಿ ಕೊಡಬೇಕು. ಮುಂದಿನ ಸಾಂಕ್ರಾಮಿಕದಲ್ಲಿ ಸಮಿತಿಯ ವರದಿ ಬಂದ ದಿನವೇ ಅದನ್ನು ಜನರ ಮುಂದಿಡಲಿ, ಒಪ್ಪದ್ದಕ್ಕೆ ಸರ್ಕಾರ ತನ್ನ ಹೆಸರಿನಲ್ಲೇ ಕಾರಣ ಬರೆಯಲಿ.