ಹೋಪ್ದ್ ಯಾವಾಗ್: ಕುಂದಾಪ್ರದ ಛಲದ ಮೂಲಕಾರಣ ಮೀಮಾಂಸೆ

ಛಲ ಎದೆಯಲ್ಲಿರುತ್ತದೆ ಎಂದು ಕೆಲವರು, ರಕ್ತದಲ್ಲಿ ಎಂದು ಕೆಲವರು, ಕುಚ್ಚಲಕ್ಕಿ ಗಂಜಿಯಲ್ಲಿ ಎಂದು ಮತ್ತೆ ಕೆಲವರು ಹೇಳುತ್ತ ಬಂದಿದ್ದಾರೆ. ಈ ಮೂರೂ ಮತಗಳ ಖಂಡನೆಯೇ ಪ್ರಸ್ತುತ ಪ್ರಬಂಧದ ಉದ್ದೇಶ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಟ್ಟಿಗೆ ಛಲದ ಉಗಮಸ್ಥಾನ ಬಸ್ ಸ್ಟಾಪಿನ ಪಕ್ಕದ ಗೂಡಂಗಡಿಯ ಬೆಂಚು. ರಾತ್ರಿಯಿಡೀ ಘಾಟಿ ಇಳಿದು ಬಂದ ಬೆಂಗಳೂರು ಬಸ್ಸಿನಿಂದ ಒಬ್ಬ ಹುಡುಗ ಇಳಿದನೆನ್ನಿ. ಬೆಂಚಿನ ಹಿರಿಯರು ಪೇಪರ್ ಮಡಿಸುತ್ತಾರೆ. ಅವರ ಕಣ್ಣು ಮೊದಲು ಬೀಳುವುದು ಮುಖದ ಮೇಲಲ್ಲ, ಬ್ಯಾಗಿನ ಮೇಲೆ. ಹೆಗಲಚೀಲವಾದರೆ ಎರಡು ದಿನದ ರಜೆ. ಸೂಟ್‌ಕೇಸಾದರೆ ಮದುವೆಯೋ ಕೊಡಿಹಬ್ಬವೋ. ಸೂಟ್‌ಕೇಸಿನ ಜೊತೆ ಹಾಸಿಗೆ ಸುರುಳಿಯೂ ಇದ್ದರೆ ನೌಕರಿ ಹೋಗಿದೆ. ಅಳತೆ ಮುಗಿದ ಮೇಲೆ, "ಯಾವಾಗ್ ಬಂದದ್ ಮಾರಾಯ?" ಬಸ್ಸು ಇನ್ನೂ ಎದುರಿಗೇ ಹೊಗೆ ಬಿಡುತ್ತ ನಿಂತಿರುವುದರಿಂದ ಇದಕ್ಕೆ ಉತ್ತರ ಬೇಕಿಲ್ಲ, ಇದು ಬರೀ ನಾಂದಿ. ಪ್ರಧಾನ ಪ್ರಶ್ನೆ ಹಿಂದೆಯೇ ಬರುತ್ತದೆ: "ಮತ್ತ್ ಹೋಪ್ದ್ ಯಾವಾಗ್?" ತಾರೀಕು ಹೇಳಬಲ್ಲವನು ಪಾರು. ಹೇಳಲಾರದವನು ಮಾರನೆಯ ರಾತ್ರಿಯೇ ಬಸ್ಸು ಹತ್ತಿ, ಇಪ್ಪತ್ತು ವರ್ಷ ತಲೆಯೆತ್ತದೆ ದುಡಿಯುತ್ತಾನೆ. ಲೋಕ ಅದನ್ನು ಛಲ ಎನ್ನುತ್ತದೆ.

ಪ್ರಮಾಣಗಳಿಗೆ ಬರೋಣ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು ಅಡುಗೆ ಕೆಲಸಕ್ಕೆಂದು ಬೆಂಗಳೂರು ಸೇರಿ, 1924ರಲ್ಲಿ ಒಂದು ಕಾಫಿ ಕ್ಲಬ್ ತೆರೆದರು. ಅದೇ ಮುಂದೆ ಎಂಟಿಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಟ್ಟಿದ ಬೆಲೆ ಗಿಟ್ಟದೆ ಹೋಟೆಲು ಮುಚ್ಚಿದಾಗ ದಿಢೀರ್ ತಿಂಡಿಯ ಪೊಟ್ಟಣಗಳು ಬಂದವು. ವಾಣಿಜ್ಯಶಾಸ್ತ್ರಜ್ಞರು ಇದನ್ನು ದೂರದೃಷ್ಟಿ ಎನ್ನುತ್ತಾರೆ. ನಮ್ಮ ಸಿದ್ಧಾಂತದ ಪ್ರಕಾರ, ಊರಿಗೆ ಬಂದು ಬೆಂಚಿನೆದುರು "ಅಕ್ಕಿ ಸಿಕ್ಕಲಿಲ್ಲ" ಎನ್ನುವುದಕ್ಕಿಂತ ರವೆಯನ್ನು ಇಡ್ಲಿಯೆಂದು ಜಗತ್ತಿಗೆ ಒಪ್ಪಿಸುವುದು ಸುಲಭವಾಗಿತ್ತು. ವಂಡ್ಸೆ ಕಡೆಯ ಗುರುರಾಜ ಪೂಜಾರಿ, ವಾಹನ ಚಾಲಕರ ಮಗ, ಕುಸ್ತಿಯ ಆಸೆಯಲ್ಲಿ ಹೊರಟು ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ಹೊರಳಿದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ 269 ಕಿಲೋ ಎತ್ತಿ ಕಂಚು ತಂದರು. ಭಾರ ಹೆಚ್ಚಿದಂತೆ ಲೋಹ ಇಳಿದದ್ದನ್ನು ಬೆಂಚು ಗಮನಿಸದೆ ಇದ್ದೀತೆ? (ತೂಕದ ವಿಭಾಗವೇ ಬೇರೆ ಎಂಬ ಸಮಜಾಯಿಷಿ ಗೂಡಂಗಡಿಯಲ್ಲಿ ನಡೆಯುವುದಿಲ್ಲ.) ಕೆರಾಡಿಯ ರಿಷಬ್ ಶೆಟ್ಟರು ಮಾತ್ರ ಜಾಣ ಪರಿಹಾರ ಕಂಡುಕೊಂಡರು: 2022ರ 'ಕಾಂತಾರ'ಕ್ಕೆ ಊರನ್ನೇ ಸಿನಿಮಾದೊಳಗೆ ಹಾಕಿಕೊಂಡದ್ದರಿಂದ ಕೇಳುವವರಿಗೆ ಪುರುಸೊತ್ತೇ ಉಳಿಯಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಅತಿವ್ಯಾಪ್ತಿ ದೋಷ ತೋರಿಸಬಹುದು: ಮಂಡ್ಯದಲ್ಲೂ ಧಾರವಾಡದಲ್ಲೂ ಬಂದವರನ್ನು ವಿಚಾರಿಸುವುದಿಲ್ಲವೆ? ವಿಚಾರಿಸುತ್ತಾರೆ, ಆದರೆ ಬಂದದ್ದನ್ನು. ಹೋಗುವುದನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸುವವರು ಇಲ್ಲಿಯವರೇ, ಮತ್ತು ಅದರಲ್ಲಿ ಒರಟುತನವಿಲ್ಲ, ಅನ್ನದ ಚರಿಗೆಯ ಲೆಕ್ಕವಿದೆ. ಆಸಾಡಿಯಲ್ಲಿ ಮಳೆ ಹಿಡಿದರೆ ಗಂಗೊಳ್ಳಿಯ ಬೋಟುಗಳು ದಡ ಸೇರುತ್ತವೆ. ಹಿಂದೆ ಆ ತಿಂಗಳಲ್ಲಿ ಕೂಲಿಯಿಲ್ಲ, ಹಳೆ ಭತ್ತ ತಳ ಕಂಡಿರುತ್ತಿತ್ತು, ಹೊಸತು ಇನ್ನೂ ಗದ್ದೆಯಲ್ಲಿ. ಮನೆಯಲ್ಲಿ ಒಂದು ಬಾಯಿ ಹೆಚ್ಚಾದರೆ ಗಂಜಿಗೆ ಒಂದು ಚೊಂಬು ನೀರು ಹೆಚ್ಚು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ಹುಡುಗರು ಹೊರಟದ್ದು ಮಹತ್ವಾಕಾಂಕ್ಷೆಯಿಂದಲೋ ಈ ಚೊಂಬಿನಿಂದಲೋ ಎಂಬುದು ವಿದ್ವಾಂಸರು ಯೋಚಿಸತಕ್ಕ ವಿಷಯ. ಈ ಜನ 2019ರಿಂದ ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ತಮ್ಮ ಭಾಷೆಗೊಂದು ಹಬ್ಬ ಮಾಡುತ್ತಿದ್ದಾರಲ್ಲ, ಅದಕ್ಕೆ ಆರಿಸಿಕೊಂಡದ್ದು ಸುಗ್ಗಿಯನ್ನಲ್ಲ, ಆಸಾಡಿ ಅಮಾಸಿಯನ್ನು. ಕಷ್ಟದ ತಿಂಗಳಿಗೇ ಶಾಮಿಯಾನ ಹಾಕುವವರ ಛಲಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವ್ಯಾಪ್ತಿ ದೋಷ ಇನ್ನೂ ತೊಡಕಿನದು, ಅದರ ಹೆಸರು ಕೋಟ ಶಿವರಾಮ ಕಾರಂತ. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು, ಮೂಕಿಚಿತ್ರ ತೆಗೆದವರು, ಒಬ್ಬರೇ ಕೂತು ಮಕ್ಕಳಿಗೆ 'ಬಾಲ ಪ್ರಪಂಚ' ಎಂಬ ವಿಶ್ವಕೋಶ ಬರೆದವರು, 1989ರಲ್ಲಿ, 87ರ ಪ್ರಾಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತವರು. ಕೊನೆಗಾಲಕ್ಕೆ ಸಾಲಿಗ್ರಾಮದಲ್ಲೇ ನೆಲೆ ನಿಂತ ಅವರನ್ನು "ಹೋಪ್ದ್ ಯಾವಾಗ್" ಎಂದು ಕೇಳುವ ಧೈರ್ಯ ಯಾರಿಗಿತ್ತು? ಬೆಂಚೇ ಇಲ್ಲದೆ ಇಷ್ಟು ಛಲ ಹೇಗೆ ಬಂತು? ಸಮಾಧಾನ: ಆ ಬೆಂಚನ್ನು ಅವರು ತಮ್ಮೊಳಗೇ ಹಾಕಿಕೊಂಡಿದ್ದರು, ಮತ್ತು ಅದರ ಮೇಲೆ ಕೂತವರು ಬಹಳ ಸಿಡುಕಿನವರು.

ಕೊನೆಯ ಆಕ್ಷೇಪ ತಮಾಷೆಯದಲ್ಲ. ಹೋಟೆಲಿಗೆ ಹೋಗಿ ಗ್ಲಾಸು ತೊಳೆದವರೆಲ್ಲ ಗಲ್ಲೆಯ ಮೇಲೆ ಕೂತರೆ? ಇಲ್ಲ. ಅಷ್ಟೇ ವರ್ಷ, ಅಷ್ಟೇ ಬಿಸಿನೀರಿನಲ್ಲಿ ಕೈ ಅದ್ದಿದವರಲ್ಲಿ ಹೆಚ್ಚಿನವರಿಗೆ ಸನ್ಮಾನವೂ ಆಗಲಿಲ್ಲ, ಜೀವನಚರಿತ್ರೆಯೂ ಬರಲಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಛಲವೇ ಗೆಲ್ಲಿಸಿತೆನ್ನುವುದು ತರ್ಕದೋಷ. ಹಾಗಾದರೆ ಉಳಿದವರು ಎಲ್ಲಿ? ಒಂದು ಪಾಲು ಆ ಬೆಂಚಿನ ಮೇಲೆಯೇ ಇದ್ದಾರೆ. ಹಾಸಿಗೆ ಸುರುಳಿ ಸಮೇತ ಬಸ್ಸಿಳಿದು, ಪ್ರಶ್ನೆಗೆ ತಾರೀಕು ಹೇಳದೆ, ಕೇಳುವವರಿಗೇ ಬೇಸರ ಬರುವ ತನಕ ಊರಲ್ಲೇ ನಿಂತವರು. ಛಲ ಯಾರದು ದೊಡ್ಡದು, ಓಡಿಹೋದವನದೋ ಕೂತುಬಿಟ್ಟವನದೋ? ಈ ಸಂದೇಹ ಪರಿಹಾರಕ್ಕೆಂದು ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರಿಗೊಂದು ಸೂಚನೆ: ಚಿಕ್ಕ ಬ್ಯಾಗು ಹಿಡಿದುಕೊಂಡು ಹೋಗಿ, ವಾಪಸು ಟಿಕೆಟ್ ಕಿಸೆಯಲ್ಲಿರಲಿ.