ತೆರೆಯಬೇಡಿ, ಒಳಗೆ ನಾಯಕಿ ಇದ್ದಾಳೆ

ಅಮೆರಿಕದ ಕಾಮಿಕ್ಸ್ ಸಂಗ್ರಾಹಕರಷ್ಟು ಪುಸ್ತಕಪ್ರೀತಿ ಇರುವವರು ಭೂಮಿಯ ಮೇಲೆ ಇನ್ನಿಲ್ಲ. ಕೊಂಡ ಪುಸ್ತಕವನ್ನು ಅವರು ಓದಿ ಕೆಡಿಸುವುದಿಲ್ಲ. ದರ್ಜೆ ಕೊಡುವ ಕಂಪನಿಗೆ ಕಳಿಸುತ್ತಾರೆ. ಅಲ್ಲಿನ ಪಂಡಿತರು ಮೂಲೆ ಮಡಚಿದೆಯೇ, ಪಿನ್ನು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಭದ್ರವಾಗಿ ಮುಚ್ಚಿಬಿಡುತ್ತಾರೆ. ಪೆಟ್ಟಿಗೆ ಒಡೆದರೆ ಅಂಕವೂ ಹೋಯಿತು, ಬೆಲೆಯೂ ಹೋಯಿತು. ಕಥೆ ಹೇಗಿದೆ ಎಂಬುದಕ್ಕೆ ಅಂಕವಿಲ್ಲ. ಆ ಪ್ರಶ್ನೆ ಪಠ್ಯಕ್ರಮದಲ್ಲೇ ಇಲ್ಲ.

ಇಂಥ ಪೆಟ್ಟಿಗೆ ಸೇರಿದ ಭಾಗ್ಯವಂತರಲ್ಲಿ 1975ರ 'ಜೈಂಟ್-ಸೈಜ್ ಎಕ್ಸ್-ಮೆನ್' ಮೊದಲ ಸಂಚಿಕೆಯೂ ಒಂದು. ಅಂದಿನ ಬೆಲೆ 50 ಸೆಂಟ್. ಇಂದು ಒಳ್ಳೆಯ ಅಂಕ ಬಿದ್ದ ಪ್ರತಿಗೆ ಸಾವಿರಾರು ಡಾಲರ್. ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರ ಬಿಡಿಸಿದ ಈ ಸಂಚಿಕೆಯಲ್ಲೇ ಸ್ಟಾರ್ಮ್ ಮೊದಲು ಕಾಣಿಸಿಕೊಂಡದ್ದು. ಹೆಸರು ಒರೊರೊ ಮನ್ರೋ. ಕೀನ್ಯಾದಲ್ಲಿ ಮಳೆ ತರಿಸುತ್ತ, ಜನರಿಂದ ಪೂಜೆ ಮಾಡಿಸಿಕೊಳ್ಳುತ್ತ ನೆಮ್ಮದಿಯಾಗಿದ್ದ ದೇವಿ. (ನಮ್ಮಲ್ಲಿ ಇದೇ ಕೆಲಸಕ್ಕೆ ಕಪ್ಪೆಗಳಿಗೆ ಮದುವೆ ಮಾಡಿಸುತ್ತೇವೆ. ಮುಹೂರ್ತ ತಪ್ಪುವುದಿಲ್ಲ, ಮಳೆ ತಪ್ಪುತ್ತದೆ.) ಅಲ್ಲಿಗೆ ಬಂದ ಪ್ರೊಫೆಸರ್ ಝೇವಿಯರ್, ನೀನು ದೇವಿಯೂ ಅಲ್ಲ ಗೀವಿಯೂ ಅಲ್ಲ, ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದ ಬರೀ ಮ್ಯೂಟಂಟ್ ಎಂದು ಮನವರಿಕೆ ಮಾಡಿ ಅಮೆರಿಕದ ತನ್ನ ಶಾಲೆಗೆ, ಅಲ್ಲಿನ ಎಕ್ಸ್-ಮೆನ್ ತಂಡಕ್ಕೆ, ಕರೆದುಕೊಂಡು ಹೋದ. ಗರ್ಭಗುಡಿಯಿಂದ ಹಾಸ್ಟೆಲ್ಲಿಗೆ ವರ್ಗಾವಣೆ.

ಬಡ್ತಿ ಸಿಕ್ಕಿದ್ದು 1980ರಲ್ಲಿ. ಪ್ರೇಯಸಿ ಜೀನ್ ಗ್ರೇ ಸತ್ತ ದುಃಖಕ್ಕೆ ನಾಯಕ ಸೈಕ್ಲಾಪ್ಸ್ ತಂಡ ಬಿಟ್ಟು ಹೊರಟ. 'ಎಕ್ಸ್-ಮೆನ್' ಮಾಸಿಕದ 139ನೇ ಸಂಚಿಕೆಯ ಹೊತ್ತಿಗೆ ಸ್ಟಾರ್ಮ್ ನಾಯಕಿ. ಕಪ್ಪು ಜನಾಂಗದ ಹೆಣ್ಣೊಬ್ಬಳು ಅಂಥ ದೊಡ್ಡ ತಂಡ ಮುನ್ನಡೆಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಆ ಸಂಚಿಕೆಯ ಮುಖಪುಟ ಸ್ವಾಗತ ಕೋರುವುದು ತಂಡಕ್ಕೆ ಹೊಸದಾಗಿ ಸೇರಿದ ಕಿಟ್ಟಿ ಪ್ರೈಡ್ ಎಂಬ ಹುಡುಗಿಗೆ. ಸಂಗ್ರಾಹಕರು ಅದನ್ನು ಗುರುತಿಸುವುದು ಇನ್ನೊಂದು ಐತಿಹಾಸಿಕ ಕಾರಣಕ್ಕೆ: ತಂಡದ ಸದಸ್ಯ ವುಲ್ವರಿನ್ ಕಂದು ಬಣ್ಣದ ಹೊಸ ಬಟ್ಟೆ ತೊಟ್ಟದ್ದು ಅದರಲ್ಲೇ ಮೊದಲು. ಗಂಡಸು ಬಟ್ಟೆ ಬದಲಿಸಿದರೂ ಸುದ್ದಿ.

1984ರಲ್ಲಿ ಬೇರೊಬ್ಬಳಿಗೆ ಗುರಿಯಿಟ್ಟ ಆಯುಧ ತಗುಲಿ ಸ್ಟಾರ್ಮ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡಳು. ಗುಡುಗಿಲ್ಲ, ಮಿಂಚಿಲ್ಲ, ನಾಯಕಿ ಪಟ್ಟ ಮಾತ್ರ ಉಳಿದಿತ್ತು. ಅದನ್ನೂ ಕೇಳಲು ಸೈಕ್ಲಾಪ್ಸ್ ಬಂದ. ಮನೆಯಲ್ಲಿ ಹಸಿ ಬಾಣಂತಿ, ಎಳೆಗೂಸು. ಯಜಮಾನರಿಗೆ ಹಳೆಯ ಕುರ್ಚಿಯ ಧ್ಯಾನ. 1986ರ 201ನೇ ಸಂಚಿಕೆಯಲ್ಲಿ ಇಬ್ಬರಿಗೂ ದ್ವಂದ್ವಯುದ್ಧ. ಕಣ್ಣಿನಿಂದ ಬೆಂಕಿಯಂಥ ಕಿರಣ ಉಗುಳುವವನನ್ನು, ಯಾವ ಶಕ್ತಿಯೂ ಇಲ್ಲದ ಹೆಂಗಸು ಬರೀ ಚುರುಕಿನಿಂದ, ತಲೆಯಿಂದ ಸೋಲಿಸಿ ಮನೆಗೆ ಕಳಿಸಿದಳು. ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಬರೆದ ಒಳ್ಳೆಯ ಪುಟಗಳಲ್ಲಿ ಇವೂ ಸೇರುತ್ತವೆ ಎಂದು ನನ್ನ ಅಭಿಪ್ರಾಯ. ನನ್ನ ಅಭಿಪ್ರಾಯಕ್ಕೆ ಸಂತೆಯಲ್ಲಿ ಮೂರು ಕಾಸಿಲ್ಲ. ವ್ಯಾಪಾರಿಗಳ ಪ್ರಕಾರ 201ರ ಮಹತ್ವ ಆ ಕೂಸು! ಅದೇ ಮುಂದೆ ಕೇಬಲ್ ಎಂಬ ಬಂದೂಕುಧಾರಿ ಆಗುತ್ತದಂತೆ. ಗೆದ್ದವಳು ಇವಳು, ಕೀರ್ತಿ ತೊಟ್ಟಿಲಿಗೆ. 1975ರ ಆ ದುಬಾರಿ ಸಂಚಿಕೆಯ ಬೆಲೆಯಲ್ಲೂ ವುಲ್ವರಿನ್‌ನ ಪಾಲಿದೆ. ಅದು ಅವನ ಎರಡನೆಯ ಪೂರ್ಣ ದರ್ಶನ. ಇವಳದು ಮೊದಲನೆಯದು ಎಂಬುದು ಪೆಟ್ಟಿಗೆಯ ಚೀಟಿಯಲ್ಲಿ ಅದರ ಪಕ್ಕದಲ್ಲಿರುತ್ತದೆ.

ಸ್ಟಾರ್ಮ್‌ಗೆ ಒಂದೇ ಒಂದು ಭಯ. 1956ರ ಸೂಯೆಜ್ ಯುದ್ಧದಲ್ಲಿ ಕೈರೋದ ಅವರ ಮನೆಗೆ ವಿಮಾನ ಬಡಿದು ಅಪ್ಪ ಅಮ್ಮ ಸತ್ತರು. ಅವಶೇಷದಡಿ ತಾಯಿಯ ಹೆಣದ ಪಕ್ಕ ಸಿಕ್ಕಿಕೊಂಡ ಮಗುವಿಗೆ ಆಮೇಲೆ ಇಕ್ಕಟ್ಟಿನ ಜಾಗ ಕಂಡರೆ ಉಸಿರು ಕಟ್ಟುತ್ತದೆ. 1981ರಲ್ಲಿ ಡಾಕ್ಟರ್ ಡೂಮ್ ಎಂಬ ಖಳ ಅವಳನ್ನು ಹೊಳೆಯುವ ಲೋಹದ ಪ್ರತಿಮೆ ಮಾಡಿ ನಿಲ್ಲಿಸಿದ. ಒಳಗೆ ಅವಳಿಗೆ ಪ್ರಜ್ಞೆಯಿತ್ತು. ಆ ಸಂಕಟಕ್ಕೆ ಜಗತ್ತಿನ ಹವೆಯೇ ಕೆಟ್ಟುಹೋಯಿತು. ಡೂಮ್ ಇದನ್ನು ಪುಕ್ಕಟೆ ಮಾಡಿದ, ಹಾಗಾಗಿ ಖಳನೆನ್ನಿಸಿಕೊಂಡ. ಉಸಿರು ಕಟ್ಟುವ ಅದೇ ಹೆಂಗಸನ್ನು ಇಕ್ಕಟ್ಟಿನ ಪೆಟ್ಟಿಗೆಗೆ ಹಾಕಿಕೊಡುವುದಕ್ಕೆ ಈಗ ಶುಲ್ಕವಿದೆ, ರಸೀದಿಯಿದೆ, ಅಂಚೆ ವಿಮೆಯೂ ಇದೆ. ಡೂಮ್‌ನ ಕಥೆಯ ಮೂರು ಸಂಚಿಕೆಗಳೂ ಪೆಟ್ಟಿಗೆಯಲ್ಲೇ ಸಿಗುತ್ತವೆ. 145ನ್ನು ಮಾತ್ರ ಕೊಂಡವರ ಮನೆಯಲ್ಲಿ ಅವಳಿನ್ನೂ ಪ್ರತಿಮೆಯೇ. ಬಿಡುಗಡೆ 147ರಲ್ಲಿ, ಅದಕ್ಕೆ ಬೇರೆ ದುಡ್ಡು.