ಗುಮ್ಮಮೀಮಾಂಸೆ: ನಾಸ್ತಿಕ ಪಾಲಕರಿಗೊಂದು ವ್ಯವಸ್ಥಾಪತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದೇವರನ್ನು ಒಪ್ಪದ ಪಾಲಕರು ಎಣಿಕೆಯಲ್ಲಿ ಕಡಿಮೆ, ದನಿಯಲ್ಲಿ ಕಡಿಮೆಯಿಲ್ಲ. ವರ್ಷದ ಉಳಿದ ತಿಂಗಳು ಇವರಿಗೆ ಹೇಗೋ ಸಾಗುತ್ತವೆ, ಡಿಸೆಂಬರ್ ಮಾತ್ರ ಸಾಗುವುದಿಲ್ಲ. ಆ ತಿಂಗಳ 6ನೇ ತಾರೀಖು ಅಂಬೇಡ್ಕರ್ ಪರಿನಿಬ್ಬಾಣದ ದಿನ. ಗೋಕಾಕದವರೂ ಹುಕ್ಕೇರಿ ಸೀಮೆಯ ಯಮಕನಮರಡಿ ಕ್ಷೇತ್ರದ ಶಾಸಕರೂ ಆದ ಸತೀಶ ಜಾರಕಿಹೊಳಿಯವರು ಮಾನವ ಬಂಧುತ್ವ ವೇದಿಕೆಯ ಬಳಗದೊಂದಿಗೆ ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಉಂಡು, ಅಲ್ಲೇ ರಾತ್ರಿ ಕಳೆದು, ದೆವ್ವಗಿವ್ವ ಏನಿಲ್ಲವೆಂದು ತೋರಿಸುವ ಕಾರ್ಯಕ್ರಮ 2014ರಿಂದ ನಡೆದುಬಂದಿದೆ. ನಮ್ಮ ಪಾಲಕನೂ ಒಮ್ಮೆ ಹೋಗಿ ಉಂಡು ಬಂದವನೇ. ಅದಾಗಿ 19 ದಿನಕ್ಕೆ ಕ್ರಿಸ್‌ಮಸ್. ಅಷ್ಟರೊಳಗೆ ಮಗಳ ಶಾಲೆಯಿಂದ ವಾಟ್ಸ್ಯಾಪಿನಲ್ಲಿ ಕೆಂಪು ಅಂಗಿ, ಕೆಂಪು ಟೊಪ್ಪಿಗೆ, ಹತ್ತಿಯ ಗಡ್ಡ ಹೊಂದಿಸಿ ಕಳಿಸಬೇಕೆಂಬ ಸೂಚನೆ ಬಂದಿರುತ್ತದೆ. ಮಗಳು ಕೇಳುತ್ತಾಳೆ: “ಅಪ್ಪಾ, ಸಾಂತಾ ಖರೇನ ಬರ್ತಾನೇನು?” ಸ್ಮಶಾನದಲ್ಲಿ ಬೆವರದ ಗಂಡಸು ಪಡಸಾಲೆಯಲ್ಲಿ ಬೆವರುತ್ತಾನೆ.

ಆ ಬೆವರನ್ನು ಒರೆಸುವುದೇ ಈ ಪ್ರಬಂಧದ ಪ್ರಯೋಜನ. ವಿಚಾರಕ್ಕೆ ಮೀಮಾಂಸಾಶಾಸ್ತ್ರವನ್ನೇ ಆರಿಸಿಕೊಂಡಿದ್ದೇವೆ. ಕಾರಣ ಸ್ಪಷ್ಟ: ಪೂರ್ವಮೀಮಾಂಸಕರು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಿದವರಲ್ಲ, ಆದರೂ ಯಜ್ಞದಲ್ಲಿ ಒಂದು ಕಡ್ಡಿ ಆಚೀಚೆಯಾಗಲು ಬಿಟ್ಟವರಲ್ಲ. ದೇವರಿಲ್ಲ, ಹೋಳಿಗೆ ಮಾತ್ರ ಇರಲಿ ಎನ್ನುವ ನಮ್ಮ ಸೀಮೆಯ ವಿಚಾರವಾದಿಗೆ ಇದಕ್ಕಿಂತ ಹತ್ತಿರದ ದರ್ಶನ ಮತ್ತೊಂದಿಲ್ಲ. ಶಾಸ್ತ್ರದ ಕ್ರಮದಂತೆ ಮೊದಲು ವಿಷಯ, ಆಮೇಲೆ ಸಂಶಯ, ಪೂರ್ವಪಕ್ಷ, ಸಿದ್ಧಾಂತ. ನಡುವೆ ಒಗ್ಗರಣೆಯ ವಾಸನೆ ಬಂದರೆ ವಿಚಾರ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಸಂಶಯ ಹೀಗಿದೆ. ತಾನು ನಂಬದ್ದನ್ನು ತನ್ನ ಮಗು ನಂಬಲು ಪಾಲಕ ಬಿಡಬಹುದೋ, ಬಾರದೋ? ಬಿಟ್ಟರೆ ಸುಳ್ಳಿನ ದೋಷ. ಬಿಡದಿದ್ದರೆ ಮಗು ಅಳುವ ದೋಷ.

ಪೂರ್ವಪಕ್ಷಿಯ ವಾದ: ಸಾಂತಾನಿಗೆ ಪ್ರಮಾಣವೇ ಇಲ್ಲ, ಪ್ರಮಾಣವಿಲ್ಲದ್ದನ್ನು ಮಗುವಿಗೆ ಹೇಳಬಾರದು. ಇದನ್ನು ಹಾಗೇ ಒಪ್ಪುವಂತಿಲ್ಲ. ಪ್ರತ್ಯಕ್ಷವಂತೂ ಇದ್ದೇ ಇದೆ, ಡಿಸೆಂಬರಿನಲ್ಲಿ ಬಟ್ಟೆ ಅಂಗಡಿಯ ಬಾಗಿಲಲ್ಲಿ ಆತ ಗಂಟೆ ಬಾರಿಸುತ್ತ ನಿಂತಿರುತ್ತಾನೆ. ಆದರೆ ಒಂದೇ ಪೇಟೆಯಲ್ಲಿ ಇಬ್ಬರು ಸಾಂತಾಗಳು ಎದುರಾದರೆ ಈ ಪ್ರತ್ಯಕ್ಷ ಬಾಧಿತವಾಗುತ್ತದೆ. ಶಬ್ದಪ್ರಮಾಣಕ್ಕೆ ಜಗತ್ಪ್ರಸಿದ್ಧ ಉದಾಹರಣೆ 1897ರದು. ನ್ಯೂಯಾರ್ಕಿನ ಎಂಟು ವರ್ಷದ ಹುಡುಗಿ ವರ್ಜೀನಿಯಾ ಇದೇ ಪ್ರಶ್ನೆಯನ್ನು ಅಪ್ಪನಿಗೆ ಕೇಳಿದಳು. ಆತ ‘ದಿ ಸನ್’ ಪತ್ರಿಕೆಯಲ್ಲಿ ಬಂದರೆ ನಿಜವೆಂದು ತಿಳಿ ಅಂದ. ಅವಳು ಬರೆದು ಕೇಳಿದಳು, ಫ್ರಾನ್ಸಿಸ್ ಚರ್ಚ್ ಎಂಬ ಸಂಪಾದಕೀಯ ಬರಹಗಾರ ಸಾಂತಾ ಇದ್ದಾನೆಂದು ಬರೆದ. ಪತ್ರಿಕೆಯನ್ನು ಆಪ್ತವಾಕ್ಯವೆಂದು ನಂಬುವ ಕಾಲ ಅದು. ನಮಗೆ ಇದರಲ್ಲಿ ಮುಖ್ಯವಾದದ್ದು ಅಪ್ಪನ ಜಾಣತನ. ತಾನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ನಮ್ಮ ಪಾಲಕ ಇದೇ ಪರಿಸ್ಥಿತಿಯಲ್ಲಿ “ನಿಮ್ಮ ಅವ್ವನ್ನ ಕೇಳು” ಅನ್ನುತ್ತಾನೆ.

ಅರ್ಥಾಪತ್ತಿಯೊಂದೇ ಗಟ್ಟಿ ಪ್ರಮಾಣ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ವಿಲಾಯತಿಯ ಮಕ್ಕಳು ಮಲಗುವ ಮುಂಚೆ ಸಾಂತಾನಿಗೆಂದು ಹಾಲು, ಬಿಸ್ಕೀಟು ಇಡುತ್ತಾರೆ, ಬೆಳಗಾಗುವುದರೊಳಗೆ ತಟ್ಟೆ ಖಾಲಿ. ದಪ್ಪನೆಯವನೊಬ್ಬ ರಾತ್ರಿ ತಿಂದಿರುವುದು ಸಿದ್ಧವಾಯಿತು. ಆ ದಪ್ಪನೆಯವನು ಯಾರೆಂಬುದನ್ನು ಪಾಲಕರ ಹೊಟ್ಟೆಯ ಸುತ್ತಳತೆಯಿಂದ ಅನುಮಾನ ಪ್ರಮಾಣವೇ ತೋರಿಸಿಕೊಡುತ್ತದೆ.

ಅದ್ವೈತಿಗಳು ಇಲ್ಲಿ ಬಾಯಿ ಹಾಕುತ್ತಾರೆ. ಸತ್ಯದಲ್ಲಿ ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರು ದರ್ಜೆ, ಸಾಂತಾನನ್ನು ಮೂರನೆಯದಕ್ಕೆ ಹಾಕಿ ಕೈತೊಳೆದುಕೊಳ್ಳಿ ಅನ್ನುತ್ತಾರೆ. ಹಗ್ಗವನ್ನು ಹಾವೆಂದು ತಿಳಿಯುವ ಅವರ ದೃಷ್ಟಾಂತ ಗೋಕಾಕದಲ್ಲಿ ಬೇಕಾಗಿಯೇ ಇಲ್ಲ. ಇಲ್ಲಿಯ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯ ಕೆತ್ತಿ ಬಣ್ಣ ಹಚ್ಚುವುದರಲ್ಲಿ ಹೆಸರಾದವರು. ಆ ಬಾಳೆಹಣ್ಣನ್ನು ಮಗು ಕಚ್ಚುವವರೆಗೆ ಅದು ಬಾಳೆಹಣ್ಣು. ಕಚ್ಚಿದ ಮೇಲೆ ಆಟಿಗೆ ಸಾಮಾನು. ಇಲ್ಲಿ ಶಾಸ್ತ್ರಕಾರರು ಗಮನಿಸದ ಒಂದು ಸಂಗತಿ ಇದೆ: ಕಚ್ಚಿ ನೋಡಿದ ಮೇಲೂ ಮಗು ಅದನ್ನು ಒಗೆಯುವುದಿಲ್ಲ. ಮರುದಿನ ಅದನ್ನೇ ತಟ್ಟೆಯಲ್ಲಿಟ್ಟು ಅಪ್ಪನಿಗೆ “ತಿನ್ನು” ಅನ್ನುತ್ತದೆ. ಭ್ರಮೆ ಹರಿದ ಮೇಲೂ ಆಟ ನಡೆಯುತ್ತದೆ. ಈ ಒಂದು ಸಂಗತಿ ತಿಳಿದಿದ್ದರೆ ನಮ್ಮ ಪಾಲಕನ ಬೆವರು ಅರ್ಧ ಆರುತ್ತಿತ್ತು.

ಇನ್ನು ತೌಲನಿಕ ಅಧ್ಯಯನ. ಸಾಂತಾನ ಮೂಲಪುರುಷ ನಿಕೋಲಸ್, ಕ್ರಿ.ಶ. 4ನೇ ಶತಮಾನದಲ್ಲಿ ಈಗಿನ ತುರ್ಕಿಯ ಮೈರಾ ಪಟ್ಟಣದಲ್ಲಿ ಬಿಷಪ್ ಆಗಿದ್ದವನು. ಆತನನ್ನು ಹಿಮಸಾರಂಗದ ಗಾಡಿಗೆ ಏರಿಸಿ ಹೊಗೆಕೊಳವೆಯಿಂದ ಇಳಿಸಿದ್ದು 19ನೇ ಶತಮಾನದ ಅಮೆರಿಕದವರು. ಹುಕ್ಕೇರಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಹೊಗೆಕೊಳವೆ ಇಲ್ಲ, ಬೆಳಕಿಂಡಿ ಉಂಟು. ಅದರಲ್ಲಿ ಬೆಕ್ಕು ಹಿಡಿಯುತ್ತದೆ, ಬಿಷಪ್ ಹಿಡಿಯುವುದಿಲ್ಲ.

ನಮ್ಮಲ್ಲಿ ಮನೆಮನೆಗೆ ಬರುವ ಕೆಲಸವನ್ನು ಜೋಕುಮಾರಸ್ವಾಮಿಗೆ ಬಹಳ ಹಿಂದೆಯೇ ವಹಿಸಲಾಗಿದೆ. ಭಾದ್ರಪದದಲ್ಲಿ ಗಣಪತಿ ಬಂದುಹೋದ ಮೇಲೆ, ಅಷ್ಟಮಿಯ ಹೊತ್ತಿಗೆ ಕುಂಬಾರರ ಮನೆಯಲ್ಲಿ ಈತನ ಜನನ. ಮಣ್ಣಿನ ಮೈ, ಬಾಯಿಗೆ ಬೆಣ್ಣೆ, ಬೇವಿನ ಸೊಪ್ಪು ಹಾಸಿದ ಬುಟ್ಟಿ. ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು, ಹಾಡುತ್ತ, ಹಿತ್ತಲಿಂದಲ್ಲ, ಬೆಳಕಿಂಡಿಯಿಂದಲ್ಲ, ತಲಬಾಗಿಲಿಗೇ ತರುತ್ತಾರೆ. ಸಾಂತಾ ಕೊಟ್ಟುಹೋಗುವವನು. ಜೋಕಪ್ಪ ಮೊರದ ತುಂಬ ಜೋಳ, ಉಪ್ಪು, ಮೆಣಸಿನಕಾಯಿ ಇಸಿದುಕೊಂಡು ಹೋಗುವವನು, ಕೊಡುವುದು ಬೇವಿನ ಎಲೆ ಮಾತ್ರ. ಆದರೆ ಕೆಲಸ ದೊಡ್ಡದು. ಗಣಪತಿ ಕಡಬು ತಿಂದು ಕೈಲಾಸಕ್ಕೆ ಹೋಗಿ ಭೂಲೋಕದಲ್ಲಿ ಎಲ್ಲ ಕ್ಷೇಮ ಎಂದು ವರದಿ ಒಪ್ಪಿಸುತ್ತಾನೆ, ಹೊಲಗಳು ಒಣಗುತ್ತಿವೆ, ಮಳೆ ಕಳಿಸಿರಿ ಎಂದು ಖರೆ ಹೇಳುವವನು ಜೋಕಪ್ಪ ಎಂಬುದು ಈ ಭಾಗದ ನಂಬಿಕೆ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಎರಡು ಬಗೆಯ ವರದಿಗಳ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಜೋಕಪ್ಪನ ಆಯುಷ್ಯ ಏಳು ದಿನ. ಅನಂತನ ಹುಣ್ಣಿಮೆಗೆ ಆತ ಸಾಯುತ್ತಾನೆ, ಅಲ್ಲಲ್ಲ, ಒನಕೆಯಿಂದ ಬಡಿಸಿಕೊಂಡು ಸಾಯುತ್ತಾನೆ. ಯಾತಕ್ಕೆ ಬಡಿಯುತ್ತಾರೆ ಎಂಬ ಅಧ್ಯಾಯ ಮಕ್ಕಳ ಮುಂದೆ ಓದುವಂಥದಲ್ಲ. ದೊಡ್ಡವರು ಚಂದ್ರಶೇಖರ ಕಂಬಾರರ 1972ರ ‘ಜೋಕುಮಾರಸ್ವಾಮಿ’ ನಾಟಕ ನೋಡಿ ತಿಳಿದುಕೊಳ್ಳಬಹುದು. ಕಂಬಾರರು ಇದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಹೈಸ್ಕೂಲು ಕಲಿತವರು. ಅವರು ತಮ್ಮ ಕೃತಿಗಳಲ್ಲಿ ಕಟ್ಟಿದ ಶಿವಾಪುರವೆಂಬ ಊರು ಯಾವ ನಕಾಶೆಯಲ್ಲೂ ಇಲ್ಲ. ಹಾಗಿದ್ದೂ ಕನ್ನಡದ ಕಟ್ಟಾ ನಾಸ್ತಿಕ ವಿಮರ್ಶಕರು ಆ ಊರನ್ನು ನಂಬಿ ದಶಕಗಳಿಂದ ಸಂಕಿರಣ ನಡೆಸುತ್ತಿದ್ದಾರೆ. ದೊಡ್ಡವರನ್ನು ಜ್ಞಾನಪೀಠದವರೆಗೆ ಒಯ್ದ ನಂಬಿಕೆ ಮಕ್ಕಳಿಗೆ ಹಾನಿಕರ ಎಂದು ಯಾವ ಬಾಯಿಂದ ಹೇಳುವುದು?

ಜೋಕಪ್ಪನ ಈ ಸಾವಿನಲ್ಲಿ ಸಿದ್ಧಾಂತದ ಬೀಜವಿದೆ. ಸಾಂತಾನಿಗೆ ಸಾವಿಲ್ಲ. ಆದ್ದರಿಂದ ಆತನನ್ನು ಗುಟ್ಟಾಗಿ ಕಾಪಾಡಬೇಕು, ಒಂದು ದಿನ ಆ ಗುಟ್ಟು ಒಡೆಯಬೇಕು, ಆಗ ಮಗು ಅಳಬೇಕು, ಅದಕ್ಕೆ ಪಾಲಕರು ಮುಂಚಿತವಾಗಿ ಬೆವರಬೇಕು. ಜೋಕಪ್ಪನ ವಿಷಯದಲ್ಲಿ ಗುಟ್ಟೇ ಇಲ್ಲ. ಕುಂಬಾರರ ಅಂಗಳದಲ್ಲಿ ಆತನ ಮೂಗು ತಿದ್ದುವುದನ್ನು ಓಣಿಯ ಹುಡುಗರು ಕುಕ್ಕರಗಾಲಲ್ಲಿ ಕೂತು ನೋಡಿದವರು. ಆತ ಹೋದ ಸುದ್ದಿಯನ್ನು ಮರುದಿನ ಶಾಲೆಗೆ ಮುಟ್ಟಿಸುವವರೂ ಅವರೇ. ಹುಟ್ಟಿಸಿದವರು ಗೊತ್ತು, ಕೊಂದವರು ಗೊತ್ತು, ನಡುವಿನ ಏಳು ದಿನ ಆತ ದೇವರು.

ಮೂಡಲಗಿಯ ಎರೆನೆಲದ ಕಡೆ ಇದು ಇನ್ನೂ ಸ್ಪಷ್ಟ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಹುಡುಗ ಹಳ್ಳದ ದಂಡೆಯಿಂದ ಮಣ್ಣು ತಂದು, ಕಲಸಿ, ಜೋಡೆತ್ತು ಮಾಡಿ, ಗೋದಲಿ ಕಟ್ಟುತ್ತಾನೆ. ಮಧ್ಯಾಹ್ನ ಎತ್ತಿನ ಕೊಂಬು ಮುರಿದರೆ ಉಗುಳು ಹಚ್ಚಿ ಅಂಟಿಸುತ್ತಾನೆ. ಸಂಜೆ ಅದಕ್ಕೇ ಹೋಳಿಗೆ ಎಡೆ ಮಾಡಿ ಕೈಮುಗಿಯುತ್ತಾನೆ. ಕೊಂಬಿಗೆ ಉಗುಳು ಹಚ್ಚಿದ್ದು ಮರೆತಿರುವುದಿಲ್ಲ, ಕೈಮುಗಿದದ್ದೂ ನಾಟಕವಲ್ಲ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಇದೇ ರೀತಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಮೆತ್ತಿ, ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಣ್ಣುತ್ತಾರೆ. ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾದ ಮನೆಯಲ್ಲೂ ಜಗಲಿಯ ಮೇಲೆ ಮಣ್ಣೆತ್ತು ಬಂದು ನಿಲ್ಲುತ್ತದೆ. ನಾಳೆ ಯಾವನಾದರೂ ಬುದ್ಧಿವಂತ ಹುಡುಗ ಮಣ್ಣಿನ ಟ್ರ್ಯಾಕ್ಟರ್ ಮಾಡಿ ಎಡೆ ಹಿಡಿದರೆ ಶಾಸ್ತ್ರದ ಆಕ್ಷೇಪವಿಲ್ಲ. ಬ್ಯಾಂಕಿನ ಕಂತು ತುಂಬಿರಬೇಕು, ಅಷ್ಟೇ.

ಇಲ್ಲಿ ವಿಚಾರವಾದಿಗಳ ಸುಧಾರಣೆಯೊಂದನ್ನು ಪರೀಕ್ಷಿಸಬೇಕು. ನಾಗರಪಂಚಮಿಗೆ ಕಲ್ಲಿಗೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸಿರಿ ಎಂದು ಮಾನವ ಬಂಧುತ್ವ ವೇದಿಕೆಯವರು ಆ ದಿನವನ್ನು ಬಸವ ಪಂಚಮಿಯೆಂದು ಆಚರಿಸುತ್ತಾರೆ. ಕಲ್ಲಿನ ಹಾವಿಗೆ ಒಂದು ನ್ಯಾಯ, ಜೀವಂತ ಹಾವಿಗೆ ಇನ್ನೊಂದು ನ್ಯಾಯ ಎಂಬುದನ್ನು ಬಸವಣ್ಣ 12ನೇ ಶತಮಾನದಲ್ಲೇ ಎತ್ತಿ ಆಡಿದ್ದನಾದ್ದರಿಂದ ಈ ಸುಧಾರಣೆಗೆ ಪರಂಪರೆಯೂ ಇದೆ, ತರ್ಕವೂ ಇದೆ. ಆದರೆ ಫಲಾನುಭವಿಯ ಅಭಿಪ್ರಾಯ ಯಾರೂ ಕೇಳಿಲ್ಲ. ಹಾಲಿನ ಲೋಟ ಕಂಡರೆ ಓಡುವ ಮಗುವಿನ ಪಾಲಿಗೆ ಆ ಹಾಲನ್ನು ಕುಡಿದು ಮುಗಿಸುವ ನಾಗಪ್ಪನೇ ಪರಮೋಪಕಾರಿ. ಮಗು ಪಂಚಮಿಯನ್ನು ನಂಬುವುದು ಶೇಂಗಾ ಉಂಡಿ, ಎಳ್ಳುಂಡಿ, ಜೋಕಾಲಿ ಮತ್ತು ದಾರ ಕಟ್ಟಿ ತಿರುಗಿಸುವ ಕೊಬ್ಬರಿ ಬಟ್ಟಲಿನ ಮಟ್ಟಿಗೆ. ಅದಕ್ಕೆ ಹಾವಿನ ಜಂಜಾಟವೇ ಬೇಡ. ಹೀಗೆ ಮಕ್ಕಳು ಹುಟ್ಟು ಚಾರ್ವಾಕರೆಂದು ಸಿದ್ಧವಾಯಿತು.

ಇಷ್ಟಾದರೂ ನಮ್ಮ ಪಾಲಕ ಜೋಕಪ್ಪನ ಬುಟ್ಟಿ ಬಂದಾಗ ಬಾಗಿಲು ಹಾಕುತ್ತಾನೆ, ಸಾಂತಾನ ಗಡ್ಡ ಕೊಡಿಸಬೇಕೋ ಬೇಡವೋ ಎಂದು ನಾಲ್ಕು ದಿನ ಚಿಂತಿಸುತ್ತಾನೆ. ಸರಿ. ಅದೇ ಮನುಷ್ಯ ರಾತ್ರಿ ಮಗಳು ಊಟಕ್ಕೆ ಹಟ ಮಾಡಿದಾಗ ಏನನ್ನುತ್ತಾನೆ? “ಸುಮ್ನ ಉಣ್ತಿಯೋ, ಗುಮ್ಮನ್ನ ಕರೀಲೋ?”

ಗುಮ್ಮನಿಗೆ ಪ್ರತ್ಯಕ್ಷವಿಲ್ಲ, ಅನುಮಾನವಿಲ್ಲ, ಮೂರ್ತಿಯಿಲ್ಲ, ಹಬ್ಬವಿಲ್ಲ, ಉಂಡಿಯಂತೂ ಇಲ್ಲವೇ ಇಲ್ಲ. ಬಿಷಪ್ಪನ ವಂಶವಲ್ಲ, ಕುಂಬಾರರ ಸೃಷ್ಟಿಯಲ್ಲ. ಆತನಿಗಿರುವುದು ಒಂದೇ ಪ್ರಮಾಣ: ಅಪ್ಪ ಹೇಳಿದ. ಮಗು ಕಚ್ಚಿ ನೋಡಲಾಗದ, ತನ್ನ ಕೈಯಿಂದ ಮಾಡಲಾಗದ, ಹುಣ್ಣಿಮೆಗೆ ಸಾಯದ ಏಕೈಕ ದೈವ ಈತ. ಸ್ಮಶಾನದಲ್ಲಿ ಉಂಡು ಬಂದವನು ಆತನನ್ನು ಊಟದ ಮನೆಯಲ್ಲಿ ಪ್ರತಿಷ್ಠಾಪಿಸಿದ್ದಾನೆ. ಮಗು ಸ್ವಲ್ಪ ಬೆಳೆದ ಮೇಲೆ ಗುಮ್ಮನ ಜಾಗಕ್ಕೆ ಸೂಜಿ ಚುಚ್ಚುವ ಡಾಕ್ಟರು, ಆಮೇಲೆ ಪೊಲೀಸು, ಆಮೇಲೆ ಎಸ್ಸೆಸ್ಸೆಲ್ಸಿ ಗಣಿತದ ಪೇಪರು. ದೈವದ ಹೆಸರು ಬದಲಾಗುತ್ತದೆ, ಪುರೋಹಿತ ಅಪ್ಪನೇ.

ಕಾನೂನಿನ ದೃಷ್ಟಿಯಿಂದಲೂ ಇದು ಚಿಂತಾಜನಕ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ದೆವ್ವ ಕರೆಯುತ್ತೇನೆಂದು ಜನರಲ್ಲಿ ಭಯ ಹುಟ್ಟಿಸುವುದು ಅದರ ನಿಷೇಧದ ಪಟ್ಟಿಯಲ್ಲಿದೆ. ಎರಡು ವರ್ಷದ ಕೂಸು ‘ಜನ’ ಎಂಬುದರೊಳಗೆ ಬರುತ್ತದೆಯೇ ಎಂಬುದನ್ನು ವಕೀಲರು ಹೇಳಬೇಕು. ಬರುವುದಾದರೆ ಮೂರೂ ತಾಲ್ಲೂಕುಗಳ ಅನ್ನದ ತಟ್ಟೆಗಳೆಲ್ಲ ಮುದ್ದೆಮಾಲು. ಬೆಳಕು ಬಂದರೆ ಗುಮ್ಮ ಓಡುತ್ತಾನೆಂಬ ವಾದವೂ ನಿಲ್ಲುವುದಿಲ್ಲ. ಸರ್ಕಾರಿ ಕಂಪನಿಯ ಬದಲು ಸಹಕಾರಿ ಸಂಘವೇ ಅರ್ಧ ಶತಮಾನದಿಂದ ಕರೆಂಟು ಹಂಚುತ್ತಿರುವ ತಾಲ್ಲೂಕು ಹುಕ್ಕೇರಿ. ಅಲ್ಲಿ ಗುಮ್ಮ ಟ್ಯೂಬ್‌ಲೈಟಿನ ಕೆಳಗೇ ಬರುತ್ತಾನೆ.

ಕೊನೆಯದಾಗಿ ಆಯಿಯ ಆಕ್ಷೇಪ. ನಮ್ಮ ಕಡೆ ಮನೆಯ ಯಾವ ಶಾಸ್ತ್ರಾರ್ಥವೂ ಆಯಿಯ ಮಾತಿಲ್ಲದೆ ಮುಗಿಯುವುದಿಲ್ಲ. ಆಕೆ ಅಕ್ಕಿ ಆರಿಸುತ್ತಲೇ ಕೇಳುತ್ತಾಳೆ: “ಕೂಸಿಗೆ ನಂಬಾಕ ಬಿಡಬೇಕೋ ಬ್ಯಾಡೋ ಅಂತ ಯಾರನ್ನ ಕೇಳಾಕತ್ತೀಯೋ ತಮ್ಮಾ? ಅದು ನಿನ್ನ ಕೇಳಿ ನಂಬತೈತೇನು?” ಈ ಆಕ್ಷೇಪಕ್ಕೆ ಮೀಮಾಂಸೆಯಲ್ಲಿ ಉತ್ತರವಿಲ್ಲ. ಆದರೂ ವ್ಯವಸ್ಥಾಪತ್ರ ಬರೆಯಲು ಕೂತ ಮೇಲೆ ನಿರ್ಣಯ ಕೊಡದೆ ಏಳುವಂತಿಲ್ಲ.

ನಿರ್ಣಯ: ಮಗು ತನ್ನ ಕೈಯಿಂದ ಮಾಡಿದ ಯಾವುದನ್ನಾದರೂ ನಂಬಬಹುದು. ಮಣ್ಣೆತ್ತು, ಗುಳ್ಳವ್ವ ಇದಕ್ಕೆ ಸೇರುತ್ತವೆ. ಜೋಕಪ್ಪನನ್ನು ಮಾಡುವುದನ್ನು ನೋಡಿದ್ದರೂ ಸಾಕು. ಸಾಂತಾನಿಗೂ ಅನುಮತಿಯಿದೆ. ಷರತ್ತು ಎರಡು: ಹತ್ತಿಯ ಗಡ್ಡವನ್ನು ಮಗುವೇ ಅಂಟಿಸಬೇಕು, ಚೀಲದಲ್ಲಿ ಗೋಕಾಕದ ಕರದಂಟು ಇರಬೇಕು. ಅಪ್ಪಂದಿರು ಬಾಯಿಂದ ಮಾಡಿದ ಗುಮ್ಮನಿಗೆ ಅನುಮತಿಯಿಲ್ಲ, ಈ ವಿಷಯದಲ್ಲಿ ಮೇಲ್ಮನವಿಯೂ ಇಲ್ಲ. ಸದರಿ ಆದೇಶ ಇವತ್ತು ರಾತ್ರಿಯ ಊಟದಿಂದಲೇ ಜಾರಿ. ಮಗು ಉಣ್ಣದಿದ್ದರೆ ಪಾಲಕರು ಪಲ್ಯಕ್ಕೆ ಖಾರ ಕಡಿಮೆ ಹಾಕಿ ನೋಡತಕ್ಕದ್ದು.